ಗಿಳಿ ಹೊರಗೆ ಕೂತ ದಿನ

ಅವಳನ್ನು ಗಿಳಿ ಎಂದು ಮೊದಲು ಕರೆದವರು ಮಗ್ಗದ ಶೆಡ್ಡಿನ ಹೆಂಗಸರು. ಶಾಲೆಯಲ್ಲಿ ಬೇರೆ ಹೆಸರಿತ್ತು. ಆಸ್ಪತ್ರೆಯಲ್ಲಿ ಅವಳು ಎದೆಗೆ ಸಿಕ್ಕಿಸಿಕೊಳ್ಳುವ ಬಿಲ್ಲೆಯಲ್ಲೂ ಆ ಹೆಸರೇ ಇದೆ. ನಮ್ಮ ಬಾಯಿಗೆ ಅದು ಹತ್ತಲೇ ಇಲ್ಲ.

ಅವಳ ತಾಯಿಯೂ ನಾನೂ ಅಕ್ಕಪಕ್ಕದ ಮಗ್ಗದವರು, ಅಕ್ಕಪಕ್ಕದ ಮನೆಯವರು. ಎರಡು ಮಗ್ಗಗಳ ನಡುವೆ ಒಬ್ಬಳು ಓರೆಯಾಗಿ ಹಾದುಹೋಗುವಷ್ಟು ಜಾಗ. ಅಷ್ಟು ಹತ್ತಿರ ನಿಂತು ಅರ್ಧ ಆಯುಷ್ಯ ಕಳೆದರೂ ಶೆಡ್ಡಿನೊಳಗೆ ಅವಳ ದನಿಯನ್ನು ನಾನು ಕೇಳಿದ್ದೇ ಇಲ್ಲ. ಮಗ್ಗಗಳೆಲ್ಲ ಒಟ್ಟಿಗೆ ಹೊಡೆಯಲು ತೊಡಗಿದರೆ ನೆಲವೇ ಅಂಗಾಲಿಗೆ ಬಡಿಯುತ್ತಿತ್ತು, ಬಾಯಿ ಮುಚ್ಚಿಕೊಂಡಿದ್ದರೂ ಹಲ್ಲು ಅದುರುತ್ತಿತ್ತು. ಮಾತು ಬೇಕೆಂದರೆ ತುಟಿ ನೋಡಬೇಕು, ಇಲ್ಲವೇ ಕೈ ನೋಡಬೇಕು. ಎಳೆ ಕಡಿದರೆ ಎರಡು ಬೆರಳು ಎತ್ತುವುದು. ಮೇಸ್ತ್ರಿ ಬರುತ್ತಿದ್ದರೆ ಗಲ್ಲ ಸವರುವುದು. ಚಹಾ ಬಂದರೆ ಹೆಬ್ಬೆರಳು ತುಟಿಗೆ. ಹೀಗೆ ಒಂದು ಕೈಮಾತೇ ನಮ್ಮಲ್ಲಿ ಬೆಳೆದಿತ್ತು. ಅದರಲ್ಲಿ ಜಗಳವನ್ನೂ ಆಡಬಹುದಿತ್ತು, ಚಾಡಿಯನ್ನೂ ಹೇಳಬಹುದಿತ್ತು.

ಇನ್ನೊಂದು ಅಭ್ಯಾಸವೂ ಬೆಳೆದಿತ್ತು. ಯಾರಾದರೂ ನಮ್ಮ ಕಡೆ ತಿರುಗಿ ಬಾಯಿ ಆಡಿಸಿದರೆ ಮೊದಲು ಹೂಂ ಎಂದು ತಲೆಯಾಡಿಸಿಬಿಡುವುದು. ಏನು ಹೇಳಿದರು ಎಂಬುದು ಆಮೇಲಿನ ಮಾತು. ಸುಮ್ಮನೆ ನಿಂತರೆ ಮೇಸ್ತ್ರಿ ಹತ್ತಿರ ಬಂದು, ಮಗ್ಗ ನಿಲ್ಲಿಸಿ, ಕಿವಿಯೊಳಗೆ ಕೂಗುತ್ತಿದ್ದ. ನಿಂತ ಮಗ್ಗಕ್ಕೆ ಕೂಲಿಯಿಲ್ಲ. ತಲೆಯಾಡಿಸಿದರೆ ಮುಂದೆ ಹೋಗುತ್ತಿದ್ದ. ಅವನು ಹೇಳಿದ್ದೇನೆಂದು ಪಕ್ಕದವಳನ್ನು ಕೇಳಿಕೊಳ್ಳುತ್ತಿದ್ದೆವು. ಪಕ್ಕದವಳೂ ನಮ್ಮ ಹಾಗೆಯೇ ತಲೆಯಾಡಿಸಿದವಳಾಗಿದ್ದರೆ ದೇವರೇ ಗತಿ. “ಕೋಲೆ ಬಸವಕ್ಕಾದ್ರೂ ತಲೆಯಾಡಿಸಿದ್ದಕ್ಕೆ ಬೊಗಸೆ ಅಕ್ಕಿ ಸಿಗುತ್ತೆ, ನಮಗೇನು ಸಿಕ್ತು?” ಎಂದು ಗಿಳಿಯ ತಾಯಿ ನಮ್ಮನ್ನು ನಗಿಸುತ್ತಿದ್ದಳು.

ಗಿಳಿ ಶಾಲೆ ಬಿಟ್ಟ ಕೂಡಲೇ ಬಂದು ಶೆಡ್ಡಿನ ಬಾಗಿಲ ಕಲ್ಲಿನ ಮೇಲೆ ಕೂರುತ್ತಿದ್ದಳು. ಪಾಳಿ ಮುಗಿದು ನಾವು ಹೊರಗೆ ಬಂದರೆ ಕಿವಿಯಲ್ಲಿ ಬರೀ ಗುಂಯ್ ಎನ್ನುವ ಸದ್ದು, ಬೀದಿ ಮೂಕವಾಗಿ ಕಾಣುವುದು. ಆ ಹೊತ್ತಿನಲ್ಲಿ ಅಂಗಡಿ, ಬ್ಯಾಂಕು, ಆಸ್ಪತ್ರೆ ಎಲ್ಲಿಗೆ ಹೋದರೂ ಅವಳು ಜೊತೆಗಿರಬೇಕು. ಅಂಗಡಿಯವನು ಕೇಳಿದ್ದನ್ನು ನಮ್ಮ ಕಡೆ ತಿರುಗಿ ತುಟಿ ಬಿಡಿಸಿ ಹೇಳುವಳು. ಬರಬರುತ್ತಾ ನಮಗೆ ಹೇಳುವುದನ್ನೂ ಬಿಟ್ಟು ತಾನೇ ಉತ್ತರ ಕೊಡತೊಡಗಿದಳು. ನಮ್ಮ ಮನಸ್ಸಿನಲ್ಲಿದ್ದದ್ದೂ ಹೆಚ್ಚುಕಡಿಮೆ ಅದೇ ಆಗಿರುತ್ತಿತ್ತು. ಬಾಯಿದ್ದವನು ಬರದಲ್ಲೂ ಬದುಕಿದ ಎನ್ನುತ್ತಾರೆ. ನಮಗೆಲ್ಲ ಇದ್ದದ್ದು ಅವಳ ಒಂದೇ ಬಾಯಿ.

ದೊಡ್ಡವಳಾಗಿ ಅವಳು ಕಲಿತದ್ದೂ ಕಿವಿಯ ವಿದ್ಯೆಯೇ. ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡುವ ಕೆಲಸ ಸಿಕ್ಕಿತು. ದಪ್ಪ ಬಾಗಿಲಿನ ಸಣ್ಣ ಕೋಣೆ, ಗೋಡೆಗೆಲ್ಲ ಸ್ಪಂಜು. ಕಿವಿಗೆ ಹೆಡ್‌ಫೋನು ಇಟ್ಟು ಕೈಗೊಂದು ಗುಂಡಿ ಕೊಡುತ್ತಾರೆ. ಸದ್ದು ಕೇಳಿಸಿದರೆ ಮಾತ್ರ ಗುಂಡಿ ಒತ್ತಬೇಕು. ಮೊದಲು ಕರೆದುಕೊಂಡು ಹೋದದ್ದು ತಾಯಿಯನ್ನು. ನಾನೂ ಹೋಗಿದ್ದೆ. ತಾಯಿಗೆ ಆಗ ಐವತ್ತೂ ದಾಟಿರಲಿಲ್ಲ.

ತಾಯಿ ಒತ್ತಿದಳು, ಒತ್ತಿದಳು, ಬಿಡದೆ ಒತ್ತಿದಳು.

“ಅಮ್ಮ, ಈಗ ನಾನು ಸದ್ದೇ ಬಿಟ್ಟಿಲ್ಲ. ಯಾಕೆ ಒತ್ತಿದೆ?”

“ನೀನು ನನ್ನ ಮುಖ ನೋಡಿದೆಯಲ್ಲ, ಅದಕ್ಕೆ.”

ಅಂದಿನಿಂದ ಗಿಳಿ ಶೆಡ್ಡಿನ ಹೆಂಗಸರ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ ಕೂರಿಸತೊಡಗಿದಳು. ಆಗ ಮಾತ್ರ ನಿಜ ಹೊರಗೆ ಬರುತ್ತಿತ್ತು. ಕಿವಿ ಎಷ್ಟು ಕೇಳುತ್ತದೆಂದು ಕಾಗದದ ಮೇಲೆ ಬರುವ ಗೆರೆ ಎಲ್ಲರದೂ ಒಂದೇ ಜಾಗದಲ್ಲಿ ಹಳ್ಳಕ್ಕೆ ಬೀಳುತ್ತಿತ್ತು. ಡಾಕ್ಟರಿಗೆ ತೋರಿಸಿದರೆ, “ವಯಸ್ಸಾಗ್ತಾ ಎಲ್ಲರಿಗೂ ಹೀಗೇ ಕಣಮ್ಮ” ಎಂದರು. ಇದು ವಯಸ್ಸಿನದಲ್ಲ, ಮಗ್ಗದ್ದು ಎಂದು ಅವಳು ವಾದಿಸಿದಳು. “ಇರಬಹುದು. ನೀನು ನಾನು ಹೇಳಿದ್ರೆ ಯಾರು ಕೇಳ್ತಾರೆ? ಅಳತೆ ಮಾಡಿ ತೋರಿಸಿದವರು ಇದ್ದರೆ ಹೇಳು” ಎಂದರು.

ಆ ಮಾತು ಅವಳೊಳಗೆ ವರ್ಷಗಟ್ಟಲೆ ಕೂತಿತು. ಮದುವೆಯ ಮಾತು ಬಂದಾಗಲೆಲ್ಲ, “ನಾನು ಹೋದ್ರೆ ಅಮ್ಮನಿಗೆ ಕಿವಿ ಯಾರು ದೊಡ್ಡಮ್ಮ?” ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದಳು. ನಲವತ್ತರ ಹೊಸ್ತಿಲಲ್ಲಿ ಇದ್ದಕ್ಕಿದ್ದಂತೆ ವಿಶ್ವವಿದ್ಯಾಲಯಕ್ಕೆ ಸೇರಿದಳು. ಅಲ್ಲಿನ ಮೇಷ್ಟ್ರು ಒಳ್ಳೆಯವರು. ಎರಡು ಅಳತೆ ಬೇಕು ಎಂದರಂತೆ. ಒಂದು, ಮಗ್ಗ ಓಡುತ್ತಿರುವಾಗ ಶೆಡ್ಡಿನಲ್ಲಿ ಎಷ್ಟು ಸದ್ದು. ಇನ್ನೊಂದು, ಆ ಸದ್ದಿನಲ್ಲಿ ನಿಂತ ಹೆಂಗಸರ ಕಿವಿ. ಎರಡನ್ನೂ ಜೋಡಿಸಿ ತೋರಿಸಿದರೆ ವಯಸ್ಸು ಎಂದು ಯಾರೂ ಅನ್ನುವಂತಿಲ್ಲ. ಶೆಡ್ಡಿನ ಧಣಿಯೂ ಒಪ್ಪಿದ. ಆದರೆ ಅವನು ಮಗ್ಗಗಳನ್ನು ಮಾರಲು ಮಾತಾಡಿಯಾಗಿತ್ತು. ಬೇಸಿಗೆ ಮುಗಿಯುವ ಹೊತ್ತಿಗೆ ಶೆಡ್ಡಿಗೆ ಬೀಗ ಎಂದು ಮೇಸ್ತ್ರಿ ಮೊದಲೇ ಹೇಳಿದ್ದ. ಅಷ್ಟರೊಳಗೆ ಅಳೆದರೆ ಉಂಟು, ಇಲ್ಲದಿದ್ದರೆ ಆ ಸದ್ದು ಹೋದ ಹಾಗೆಯೇ. ಯಾವ ಸದ್ದು ನಮ್ಮ ಕಿವಿ ತಿಂದಿತು ಎಂದು ಆಮೇಲೆ ಯಾರಿಗೆ ತೋರಿಸುವುದು?

ಒಂದು ಸಂಜೆ ಅವಳು ಬಂದು ಹೇಳಿದಳು: “ಮನುಷ್ಯರನ್ನ ಇಟ್ಕೊಂಡು ಸಂಶೋಧನೆ ಮಾಡ್ಬೇಕಾದ್ರೆ ವಿಶ್ವವಿದ್ಯಾಲಯದ ನೈತಿಕ ಸಮಿತಿ ಒಪ್ಪಬೇಕು ದೊಡ್ಡಮ್ಮ. ಅವರು ಹೂಂ ಅನ್ನೋವರೆಗೆ ಒಬ್ಬರ ಕಿವಿಯನ್ನೂ ಮುಟ್ಟೋ ಹಾಗಿಲ್ಲ. ಹಿಂದೆ ಆಸ್ಪತ್ರೇಲಿ ತೆಗೆದ ಗೆರೆಗಳನ್ನೂ ಸೇರಿಸೋ ಹಾಗಿಲ್ಲ.”

ಮಾರನೆಯ ದಿನ ಇದು ಶೆಡ್ಡಿನ ಚಹಾದ ಹೊತ್ತಿನಲ್ಲಿ ಕೈಯಿಂದ ಕೈಗೆ ಹೋಯಿತು. ನೀತಿ ನೋಡುವ ಸಮಿತಿಯಂತೆ. “ಹಾಗಾದ್ರೆ ಮೇಸ್ತ್ರಿನ ಮೊದಲು ಕಳಿಸಿ” ಎಂದಳು ಒಬ್ಬಳು. “ಈ ವಯಸ್ಸಲ್ಲಿ ನಮ್ಮ ನಡತೆ ಕೇಳ್ತಾರಲ್ಲ, ಇಪ್ಪತ್ತರಲ್ಲಿ ಕೇಳಿದ್ರೆ ಹೇಳೋಕಾದ್ರೂ ಏನಾದ್ರೂ ಇರ್ತಿತ್ತು” ಎಂದಳು ಇನ್ನೊಬ್ಬಳು.

ಗಿಳಿ ನಗಲಿಲ್ಲ. ಹಿಂದೆ ಎಲ್ಲೆಲ್ಲೋ ದೊಡ್ಡ ಡಾಕ್ಟರುಗಳು ಬಡವರಿಗೆ ಹೇಳದೆ ಕೇಳದೆ ಅವರ ಮೈಮೇಲೆ ಏನೇನೋ ಪರೀಕ್ಷೆ ಮಾಡಿದ್ದರಂತೆ. ಅದಕ್ಕೇ ಈ ಸಮಿತಿ. “ಇದು ನಿಮ್ಮಂಥವರನ್ನ ಕಾಯೋಕೇ ಇರೋ ಕಾನೂನು” ಎಂದಳು.

ಮೊದಲ ಸಲ ಅರ್ಜಿ ಹಿಂದಕ್ಕೆ ಬಂತು. ಹೆಂಗಸರಿಗೆ ಕೊಡುವ ಮಾಹಿತಿ ಹಾಳೆಯ ಭಾಷೆ ಕಷ್ಟವಾಗಿದೆ ಎಂದಿದ್ದರು. ಅವಳು ನನ್ನೆದುರು ಕೂತು ಅದನ್ನು ಓದಿದಳು. ನಾನು ಅಕ್ಷರ ಕೂಡಿಸಿ ಕೂಡಿಸಿ ಓದುವವಳು. ನನಗೆ ತಿಳಿದರೆ ಎಲ್ಲರಿಗೂ ತಿಳಿದ ಹಾಗೆ ಎಂಬುದು ಅವಳ ಲೆಕ್ಕ. “ಸ್ವಯಂಪ್ರೇರಿತ” ಎಂಬಲ್ಲಿ ಕೈ ಎತ್ತಿದೆ. ‘ನಿಮಗೆ ಇಷ್ಟವಿದ್ದರೆ ಮಾತ್ರ’ ಎಂದು ಬರೆದಳು. “ಗೌಪ್ಯತೆ” ಎಂಬಲ್ಲಿ ಎತ್ತಿದೆ. ‘ನಿಮ್ಮ ಹೆಸರು ಯಾರಿಗೂ ಹೇಳುವುದಿಲ್ಲ’ ಎಂದು ಬರೆದಳು. “ಇಷ್ಟೇನಾ? ಇದನ್ನ ಮೊದಲೇ ಹೀಗೆ ಬರೆಯೋಕೇನು ರೋಗ?” ಎಂದೆ. “ಹೀಗೆ ಬರೆದ್ರೆ ಓದಿದವಳು ಅನ್ನಲ್ಲ ದೊಡ್ಡಮ್ಮ, ಅದೇ ರೋಗ” ಎಂದಳು.

ಎರಡನೆಯ ಸಲ, ಕಿವಿ ಹೋಗಿದೆ ಎಂದು ಗೊತ್ತಾದ ಹೆಂಗಸಿಗೆ ಮುಂದೆ ಏನು ಮಾಡುತ್ತೀರಿ ಎಂದು ಕೇಳಿದರು. ಸರಿಯಾದ ಪ್ರಶ್ನೆಯೇ. ಆಸ್ಪತ್ರೆಯವರನ್ನು ಒಪ್ಪಿಸಿ, ಚಿಕಿತ್ಸೆ ಅಲ್ಲೇ ಕೊಡುವುದಾಗಿ ಬರೆಸಿಕೊಟ್ಟಳು. ಮೂರನೆಯ ಸಲ, ಸಂಶೋಧಕಿಯ ಹೆತ್ತ ತಾಯಿಯನ್ನು ಸೇರಿಸುವಂತಿಲ್ಲ, ಮಗಳ ಮುಲಾಜಿಗೆ ಒಪ್ಪಿರಬಹುದು ಎಂದರು. ಅದೂ ಸರಿಯೇ. ಆದರೆ ತಾಯಿಗೆ ಅದನ್ನು ಹೇಳುವುದು ಸುಲಭವಾಗಿರಲಿಲ್ಲ.

“ಮಗ್ಗದ ಹೊಡೆತ ತಿಂದ ಕಿವಿ ನಂದು. ಲೆಕ್ಕಕ್ಕೆ ಮಾತ್ರ ನಂದಲ್ವಾ?”

“ನೀನು ನನ್ನ ಹೆತ್ತಿದ್ದೇ ಅಡ್ಡ ಬಂತಮ್ಮ.”

“ಹೆರೋವಾಗ ಯಾವ ಸಮಿತಿ ಬಂದು ಕೇಳಿತ್ತು?” ಎಂದು ತಾಯಿ ಎದ್ದುಹೋದಳು. ಅವಳು ತಮಾಷೆಯ ಹೆಂಗಸು. ಅಂದು ತಮಾಷೆ ಮಾಡಿರಲಿಲ್ಲ.

ಸಮಿತಿ ಬೇಕೆಂದಾಗ ಸೇರುವುದಿಲ್ಲ. ಒಂದು ಸಲ ತಪ್ಪಿದರೆ ಮುಂದಿನ ಸಭೆಗೆ ಕಾಯಬೇಕು. ಹೀಗೆ ಚಳಿ ಕಳೆಯಿತು, ಬಿಸಿಲು ಬಂತು. ಶೆಡ್ಡಿನ ಹಿಂದಿನ ಸಾಲಿನ ಮಗ್ಗಗಳನ್ನು ಬಿಚ್ಚತೊಡಗಿದ್ದರು. ಕೊನೆಗೆ ಸಮಿತಿಯಿಂದ ಸುದ್ದಿ ಬಂತು: ಉಳಿದದ್ದೆಲ್ಲ ಸರಿಯಿದೆ, ಆದರೆ ಹೆಂಗಸರು ಧಣಿಯ ಭಯದಿಂದ ಒಪ್ಪಿದರೋ ಮನಸಾರೆ ಒಪ್ಪಿದರೋ ತಿಳಿಯಬೇಕು. ಸಮಿತಿಯ ಇಬ್ಬರು ಬಂದು ಹೆಂಗಸರನ್ನೇ ಕೇಳುತ್ತಾರೆ. ಆಗ ಕೋಣೆಯಲ್ಲಿ ಮೇಸ್ತ್ರಿ ಇರಬಾರದು. ಸಂಶೋಧಕಿಯೂ ಇರಬಾರದು.

ಗಿಳಿಯ ಮುಖದಲ್ಲಿ ಅಂದು ಕಂಡ ಸಂತೋಷವನ್ನು ನಾನು ಬಹಳ ದಿನದಿಂದ ಕಂಡಿರಲಿಲ್ಲ. “ಇಷ್ಟೇ ಬಾಕಿ ದೊಡ್ಡಮ್ಮ. ಅವರು ಬಂದು ಕೇಳ್ತಾರೆ, ನೀವು ಹೇಳ್ತೀರಿ, ಮುಗೀತು” ಎಂದಳು. ಸದ್ದು ಅಳೆಯುವ ಯಂತ್ರವನ್ನು ಆಗಲೇ ಎರವಲು ತಂದಿಟ್ಟುಕೊಂಡಳು. ಕೂಸು ಹುಟ್ಟುವ ಮುಂಚೆ ಕುಲಾವಿ.

ಒಂದು ಭಾನುವಾರ ನಮ್ಮನ್ನೆಲ್ಲ ಕೂರಿಸಿ ಅಭ್ಯಾಸ ಮಾಡಿಸಿದಳು. ಇನ್ನೂ ಮಗ್ಗದಲ್ಲಿದ್ದವರೂ ಬಂದಿದ್ದರು, ನನ್ನಂತೆ ಬಿಟ್ಟವರೂ ಬಂದಿದ್ದರು.

“ನೋಡಿ, ಕೇಳಿಸದಿದ್ರೆ ತಲೆಯಾಡಿಸಬೇಡಿ. ಇನ್ನೊಂದ್ಸಲ ಹೇಳಿ ಅನ್ನಿ. ಗೊತ್ತಾಯ್ತಾ?”

ಎಲ್ಲರೂ ತಲೆಯಾಡಿಸಿದರು.

“ಅಯ್ಯೋ, ಅದನ್ನೇ ಮಾಡಬೇಡಿ ಅಂದಿದ್ದು.”

ಅದಕ್ಕೂ ತಲೆಯಾಡಿಸಿದರು. ಎಲ್ಲರೂ ನಕ್ಕೆವು. ಅವಳೂ ನಕ್ಕಳು.

ಸಮಿತಿಯವರು ಬಂದ ದಿನ ಶೆಡ್ಡಿನ ಊಟದ ಕೋಣೆಯಲ್ಲಿ ಬೆಂಚು ಸಾಲಾಗಿ ಹಾಕಿ ನಮ್ಮನ್ನು ಕೂರಿಸಿದರು. ಬಂದವರು ಕನ್ನಡಕ ಹಾಕಿದ ವಯಸ್ಸಾದ ಮೇಡಂ ಒಬ್ಬರು, ಮತ್ತು ಒಬ್ಬ ವಕೀಲರು. ಮೇಡಂ ನಮಗೆಲ್ಲ ಕೈಮುಗಿದರು. ಮೇಸ್ತ್ರಿಯನ್ನು ಹೊರಗೆ ಕಳಿಸಿದರು. ಗಿಳಿ ತಾನಾಗಿಯೇ ಹೋಗಿ, ಚಿಕ್ಕಂದಿನಲ್ಲಿ ಕೂರುತ್ತಿದ್ದ ಅದೇ ಬಾಗಿಲ ಕಲ್ಲಿನ ಮೇಲೆ ಕೂತಳು. ಬಾಗಿಲು ಮುಚ್ಚಿದರು. ಪಕ್ಕದಲ್ಲಿ ಉಳಿದ ಮಗ್ಗಗಳು ಓಡುತ್ತಲೇ ಇದ್ದವು, ಗೋಡೆ ನಡುಗುತ್ತಿತ್ತು.

ಮೇಡಂ ಮಾಹಿತಿ ಹಾಳೆಯನ್ನು ಎತ್ತಿ ಹಿಡಿದು ಓದಿದರು. ಕಣ್ಣು ಸಾಲದೆಂದು ಹಾಳೆಯನ್ನು ಮುಖದ ಹತ್ತಿರ ಹಿಡಿದಿದ್ದರು, ಅದು ಅವರ ಬಾಯಿಯನ್ನು ಪೂರ್ತಿ ಮುಚ್ಚಿತು. ನನ್ನ ಬಲಗಿವಿ ಸ್ವಲ್ಪ ಉಳಿದಿದೆ. ತುಟಿ ಕಂಡರೆ ಮಾತು ಹಿಡಿಯುತ್ತೇನೆ. ತುಟಿ ಕಾಣದೆ ನಾನು ಹಿಡಿದದ್ದು ಬರೀ ಗೋಡೆಯ ನಡುಕ. ಅವರು ಹಾಳೆ ಇಳಿಸಿ ನಮ್ಮ ಕಡೆ ನೋಡಿದರು. ಮುಂದಿನ ಬೆಂಚು ತಲೆಯಾಡಿಸಿತು. ಅದನ್ನು ನೋಡಿ ನಡುವಿನ ಬೆಂಚು, ಆಮೇಲೆ ನಾವು. ಮತ್ತೆ ಹಾಳೆ ಎತ್ತಿದರು, ಇಳಿಸಿದರು, ನೋಡಿದರು. ತಲೆಯಾಡಿಸಿದೆವು. ವಕೀಲರು ಎದ್ದು ಏನೋ ಕೇಳಿದರು. ಅವರದು ದಟ್ಟ ಮೀಸೆ, ತುಟಿ ಅದರೊಳಗೆ. ತಲೆಯಾಡಿಸಿದೆವು. ಅವರು ಮೇಡಂ ಮುಖ ನೋಡಿದರು. ಅದನ್ನೇ ಮತ್ತೆ ಕೇಳಿದಂತಿತ್ತು. ಮತ್ತೆ ತಲೆಯಾಡಿಸಿದೆವು, ಈ ಸಲ ಇನ್ನೂ ಜೋರಾಗಿ, ಅವರಿಗೆ ಬೇಜಾರಾಗಬಾರದೆಂದು. ಕೊನೆಗೆ ಮೇಡಂ ಒಂದು ಚೀಟಿಯಲ್ಲಿ ಬರೆದು ಮುಂದಿನ ಬೆಂಚಿಗೆ ಕೊಟ್ಟರು. ಓದು ಬಾರದವರು ಅದನ್ನು ನೋಡಿ ತಲೆಯಾಡಿಸಿ ಹಿಂದಕ್ಕೆ ಕೊಡುತ್ತಾ ಬಂದರು. ನನ್ನ ಕೈಗೆ ಬಂದಾಗ ಎರಡು ಪದ ಕೂಡಿಸಿದ್ದೆ, ಪಕ್ಕದವಳು ಎಳೆದುಕೊಂಡಳು.

ಹೊರಗೆ ಬಂದಾಗ ಗಿಳಿ ಎದ್ದು ನಿಂತಳು. “ಹೇಗಾಯ್ತು?” ಎಂದಳು. ಎಲ್ಲರೂ ತಲೆಯಾಡಿಸಿದರು.

ಸಮಿತಿ ಒಪ್ಪಲಿಲ್ಲ. ಕಾರಣ ತಿಳಿಯಲು ಗಿಳಿ ಮೇಡಂ ಕೋಣೆಗೆ ಹೋದಳು, ನನ್ನನ್ನೂ ಕರೆದುಕೊಂಡು ಹೋದಳು. ಮೇಡಂ ನಮಗೆ ಕುರ್ಚಿ ಹಾಕಿ ನೀರು ಕೊಟ್ಟರು. ಅಲ್ಲಿ ಬೇರೆ ಸದ್ದಿರಲಿಲ್ಲ. ಗಿಳಿ ಹೇಳಿದ್ದರಿಂದ ಅವರು ಅವಳಿಗೆ ಹೇಳುವುದನ್ನೂ ನನ್ನ ಕಡೆ ತಿರುಗಿಯೇ ಹೇಳಿದರು, ಹಾಗಾಗಿ ನನಗೂ ತಿಳಿಯಿತು.

“ನಿಮ್ಮ ಮೇಲೆ ನನಗೆ ಅನುಮಾನ ಇಲ್ಲಮ್ಮ. ಆದ್ರೆ ಅವತ್ತು ನಡೆದದ್ದು ಕೇಳಿ. ಇಷ್ಟಪಟ್ಟು ಒಪ್ಪಿದ್ದೀರಾ ಅಂತ ಕೇಳಿದೆ, ತಲೆಯಾಡಿಸಿದ್ರು. ಯಾರಾದ್ರೂ ಬಲವಂತ ಮಾಡಿದ್ರಾ ಅಂತ ವಕೀಲರು ಕೇಳಿದ್ರು, ಅದಕ್ಕೂ ತಲೆಯಾಡಿಸಿದ್ರು. ಮತ್ತೆ ಕೇಳಿದ್ರೆ ಇನ್ನೂ ಜೋರಾಗಿ. ಬೇಡ ಅಂದ್ರೆ ಕೆಲಸ ಹೋಗುತ್ತೆ ಅನ್ನೋ ಭಯ ಇದೆಯಾ ಅಂತ ಬರೆದು ಕೊಟ್ಟೆ. ಅದಕ್ಕೂ.”

“ಅವರಿಗೆ ಕೇಳಿಸೇ ಇಲ್ಲ ಮೇಡಂ. ಹಾಳೆ ನಿಮ್ಮ ಬಾಯಿಗೆ ಅಡ್ಡ ಇತ್ತಂತೆ. ಕೇಳಿಸದಿದ್ರೆ ಇವರು ತಲೆಯಾಡಿಸಿಬಿಡ್ತಾರೆ. ಅದು ಮಗ್ಗದ ಅಭ್ಯಾಸ.”

“ಹಾಳೆ ಅಡ್ಡ ಹಿಡಿದದ್ದು ನನ್ನ ತಪ್ಪು. ಸಭೆಯಲ್ಲಿ ಹಾಗಂತ ಹೇಳ್ತೀನಿ. ಆದ್ರೆ ನೀವು ಕೇಳಿದಾಗಲೂ ಅದೇ ಅಭ್ಯಾಸದಿಂದ ತಲೆಯಾಡಿಸಿರಬಹುದಲ್ವಾ?”

“ನಾನು ಎದುರಿಗೆ ಕೂತು, ಒಬ್ಬೊಬ್ಬರಿಗೇ ತುಟಿ ಬಿಡಿಸಿ ಹೇಳಿದ್ದೆ.”

“ಅವರೇನಂದ್ರು?”

“ತಲೆಯಾಡಿಸಿ...” ಎಂದ ಗಿಳಿ ನನ್ನ ಕಡೆ ತಿರುಗಿದಳು.

ನಾನು ತಡೆಯಲಾರದೆ, “ನಾವೆಲ್ಲ ಒಪ್ಪಿದ್ದೀವಿ ತಾಯಿ” ಎಂದೆ. ನನ್ನ ದನಿ ನನಗೆ ತಿಳಿಯುವುದಿಲ್ಲ. ಜೋರಾಗಿರಬೇಕು, ಬಾಗಿಲಲ್ಲಿ ಯಾರೋ ಇಣುಕಿದರು.

ಮೇಡಂ ನನ್ನ ಕೈ ಮೇಲೆ ಕೈಯಿಟ್ಟರು. “ನಿಮ್ಮೊಬ್ಬರದು ಬರ್ಕೊಳ್ತೀನಮ್ಮ. ಉಳಿದವರ ಪರವಾಗಿ ನೀವು ಹೇಳೋ ಹಾಗಿಲ್ಲ, ಇವರೂ ಹೇಳೋ ಹಾಗಿಲ್ಲ.” ಆಮೇಲೆ ಗಿಳಿಗೆ, “ಬೇಡ ಅನ್ನೋಕೂ ಬಂದ್ರೆ ತಾನೇ ಅದು ಒಪ್ಪಿಗೆ? ಅವರಲ್ಲಿ ಒಬ್ಬರಾದ್ರೂ ಯಾವತ್ತಾದ್ರೂ ನಿಮಗೆ ಬೇಡ ಅಂದದ್ದು ನೆನಪಿದೆಯಾ?” ಎಂದರು.

ಗಿಳಿ ನಿಜವಾಗಿಯೂ ನೆನಪು ಮಾಡಿಕೊಂಡಳು.

“ಇಲ್ಲ ಮೇಡಂ,” ಎಂದಳು. “ನಾನು ಹುಟ್ಟಿದಾಗಿಂದ ಇಲ್ಲ.”

ಮತ್ತೆ ಅರ್ಜಿ ಹಾಕಬಹುದು, ಆದರೆ ನಡುವೆ ನಿಂತು ಮಾತು ತಿಳಿಸಲು ಸಂಬಂಧವಿಲ್ಲದ ಒಬ್ಬರು ಬೇಕು ಎಂದು ಮೇಡಂ ದಾರಿ ತೋರಿಸಿದರು. ನಮ್ಮ ಕೈಮಾತು ಬಲ್ಲವರು ಶೆಡ್ಡಿನ ಹೆಂಗಸರು, ಬಿಟ್ಟರೆ ಗಿಳಿ. ಸಂಬಂಧವಿಲ್ಲದವರನ್ನು ಎಲ್ಲಿಂದ ತರುವುದು? ಕಿವುಡ ಮಕ್ಕಳ ಶಾಲೆಯ ಟೀಚರೊಬ್ಬರನ್ನು ಅವಳು ಬೇಡಿಕೊಂಡು ಕರೆತಂದಳು. ಅವರ ಬೆರಳು ನೀರಿನಂತೆ ಹರಿಯುತ್ತಿತ್ತು, ಆದರೆ ಅದು ಬೇರೆಯೇ ಭಾಷೆ. ಹೆಂಗಸರು ಆಸೆಯಿಂದ ನೋಡಿದರು, ತಲೆಯಾಡಿಸಿದರು. ಟೀಚರು ಕೈ ಇಳಿಸಿ, “ಇವರಿಗೆ ನನ್ನದು ತಿಳೀತಿಲ್ಲಮ್ಮ” ಎಂದು ಹೊರಟರು. ಗಿಳಿ ಅವರನ್ನು ಬಸ್ಸಿನವರೆಗೆ ಬಿಟ್ಟುಬಂದಳು.

ಮುಂದಿನ ಸಭೆಗೆ ಮುಂಚೆಯೇ ಶೆಡ್ಡು ಮುಚ್ಚಿತು. ಕೊನೆಯ ಪಾಳಿಯ ದಿನ ಗಿಳಿ ಸದ್ದು ಅಳೆಯುವ ಯಂತ್ರವನ್ನು ಚೀಲದಲ್ಲಿಟ್ಟುಕೊಂಡು ಬಾಗಿಲ ಕಲ್ಲಿನ ಮೇಲೆ ಕೂತಿದ್ದಳು. “ತೆಗೆದು ಅಳೆದುಬಿಡು, ಯಾರು ನೋಡ್ತಾರೆ?” ಎಂದೆ. “ಸದ್ದನ್ನ ಅಳೆಯೋಕೆ ಯಾರ ಅಪ್ಪಣೆಯೂ ಬೇಡ ದೊಡ್ಡಮ್ಮ. ಅದನ್ನ ಜೋಡಿಸೋಕೆ ಸಮಿತಿ ಒಪ್ಪಿದ ಕಿವಿ ಎಲ್ಲಿದೆ?” ಎಂದಳು. ಚೀಲದ ಬಾಯಿ ಬಿಚ್ಚಲಿಲ್ಲ. ಮಗ್ಗಗಳು ಒಂದೊಂದಾಗಿ ನಿಂತವು. ನನಗೆ ಅದು ತಿಳಿದದ್ದು ಅಂಗಾಲಿನಿಂದ. ಆಮೇಲೆ ಗುಜರಿಯವರು ಗ್ಯಾಸಿನ ಬೆಂಕಿಯಲ್ಲಿ ಮಗ್ಗಗಳನ್ನು ತುಂಡು ಮಾಡಿ ಲಾರಿಗೆ ತುಂಬಿದರು. ಈಗ ಅಲ್ಲಿ ಗಾಡಿ ನಿಲ್ಲಿಸುತ್ತಾರೆ.

ಗಿಳಿ ವಿಶ್ವವಿದ್ಯಾಲಯವನ್ನು ಬಿಟ್ಟಳು. ಬೇರೆ ವಿಷಯ ಹಿಡಿ ಎಂದು ಮೇಷ್ಟ್ರು ಹೇಳಿದರಂತೆ. ಹಿಡಿಯಲಿಲ್ಲ. ಅದೇ ದಪ್ಪ ಬಾಗಿಲಿನ ಕೋಣೆಗೆ ದಿನವೂ ಹೋಗಿ ಬರುತ್ತಾಳೆ. ಶೆಡ್ಡಿನ ಹೆಂಗಸರು ಯಾರಾದರೂ ಹೋದರೆ ಡಾಕ್ಟರು ಈಗಲೂ ವಯಸ್ಸು ಎಂದೇ ಬರೆಯುತ್ತಾರೆ. ಈಗಂತೂ ನಮಗೆ ನಿಜವಾಗಿಯೇ ವಯಸ್ಸಾಗಿದೆ.

ಮೊದಲಿನಂತೆ ಅವಳು ನಮ್ಮ ಪರವಾಗಿ ಮಾತಾಡುವುದಿಲ್ಲ. ಅಂಗಡಿಯಲ್ಲಿ ತಾಯಿಯ ಪಕ್ಕ ನಿಂತು, ತಾಯಿಯೇ ಹೇಳಲಿ ಎಂದು ಕಾಯುತ್ತಾಳೆ. ಹಿಂದೆ ನಿಂತವರು ಗೊಣಗುತ್ತಾರೆ. ಅಂಗಡಿಯವನು ಏನೋ ಕೇಳುತ್ತಾನೆ, ತಾಯಿ ತಲೆಯಾಡಿಸುತ್ತಾಳೆ, ಬೇಡದ ಸಾಮಾನು ಚೀಲಕ್ಕೆ ಬೀಳುತ್ತದೆ. ಮನೆಗೆ ಬಂದ ಮೇಲೆ, “ನಿನ್ನ ಬಾಯಿಗೇನಾಗಿತ್ತೇ?” ಎಂದು ತಾಯಿ ಬಯ್ಯುತ್ತಾಳೆ.

ಮೊನ್ನೆ ಅವರ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಾ ಕೂತಿದ್ದೆವು. ಗಿಳಿ ಕೆಲಸದಿಂದ ಬಂದವಳು ಚೀಲವನ್ನೂ ಇಳಿಸದೆ ತಾಯಿಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಬೆಳಕು ತನ್ನ ಮುಖದ ಮೇಲೆ ಬೀಳುವಂತೆ ಸರಿದುಕೊಂಡಳು.

“ಅಮ್ಮ, ಒಂದು ಮಾತು ನಿಜ ಹೇಳು. ನಾನು ಓದೋಕೆ ಹೋಗಿದ್ದು, ನಿಮ್ಮ ಕಿವಿ ಅಂತ ಊರೆಲ್ಲ ಓಡಾಡಿದ್ದು, ಅದು ನಿನಗೆ...”

ತಾಯಿ ಆಗಲೇ ತಲೆಯಾಡಿಸಿದ್ದಳು.

ಗಿಳಿ ಪದ ಪದ ಬಿಡಿಸಿ, “ನಿನಗೆ ಅದೆಲ್ಲ ಬೇಡವಾಗಿತ್ತಾ?” ಎಂದಳು.

ತಾಯಿ ಮಗಳ ಮುಖ ನೋಡುತ್ತಾ, ಅವಳನ್ನು ಸಮಾಧಾನ ಮಾಡುವವಳಂತೆ, ಮತ್ತೆ ತಲೆಯಾಡಿಸಿದಳು.

ಗಿಳಿ ಎದ್ದು ಚೀಲವನ್ನು ಗೂಟಕ್ಕೆ ಹಾಕಿದಳು, ಪಾತ್ರೆಗೆ ನೀರು ತುಂಬಿ ಒಲೆಯ ಮೇಲಿಟ್ಟಳು. ನನ್ನನ್ನೂ ಕೇಳುತ್ತಾಳೇನೋ ಎಂದು ನಾನು ಈಳಿಗೆಯಿಂದ ಕೈ ತೆಗೆದು ಕಾದೆ. ಅವಳು ಈ ಕಡೆ ತಿರುಗಲಿಲ್ಲ.